ಪದ್ಮಿನಿ ಕಾರಿನ ಕೆಲಸ: ಟೈರುಗಳನ್ನು ಎತ್ತಿಡುವ ಭಾಗ

ಫೆಬ್ರುವರಿ

ಕಾರಿನ ಬಾಡಿ ಟಿಂಕರಿಂಗ್ ಅಂಗಡಿ ಸೇರಿದೆ. ತುಕ್ಕು ತಿಂದ ತಳದ ಶೀಟನ್ನು ಕತ್ತರಿಸಿ ಹೊಸದನ್ನು ಬೆಸೆದು, ಪ್ರೈಮರ್ ಮತ್ತು ಪೇಂಟ್ ಮುಗಿಸಿಕೊಂಡು ಅದು ಮೈಸೂರಿನ ನಮ್ಮ ಮನೆಗೆ ಹಿಂದಿರುಗುವ ಹೊತ್ತಿಗೆ ಈ ವರ್ಷ ಕಳೆದಿರುತ್ತದೆ. ಅಲ್ಲಿಯವರೆಗೆ ಐದು ಹೊಸ ಟೈರುಗಳನ್ನು ಬಿರುಕು ಬಿಡದಂತೆ ಕಾಪಾಡಿಕೊಳ್ಳಬೇಕು. ಪ್ರೀಮಿಯರ್ ಪದ್ಮಿನಿಗೆ ಹಾಕುವ 5.20-14 ಅಳತೆಯ ಕ್ರಾಸ್‌ಪ್ಲೈ (ಒಳಗಿನ ದಾರದ ಪದರಗಳು ಒಂದಕ್ಕೊಂದು ಓರೆಯಾಗಿ ಹಾಯುವ) ಟೈರು ಈಗ ಕೇಳಿದ ಕೂಡಲೇ ಸಿಗುವ ಸರಕಲ್ಲವಾದ್ದರಿಂದ, ಸಿಕ್ಕಾಗ ಸ್ಟೆಪ್ನಿಯದನ್ನೂ ಸೇರಿಸಿ ಒಟ್ಟಿಗೆ ಕೊಂಡಿದ್ದೇನೆ. ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ತಯಾರಿಕೆಯ ಸಂಕೇತವನ್ನು ಓದಿಕೊಂಡೆ. ನಾಲ್ಕು ಅಂಕಿಗಳಲ್ಲಿ ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 1824 ಎಂದಿದ್ದರೆ 2024ನೇ ಇಸವಿಯ 18ನೇ ವಾರ. ಕಳಚಿ ತೆಗೆದ ಹಳೆಯ ಟೈರುಗಳಲ್ಲಿ ಮೂರೇ ಅಂಕಿಗಳಿದ್ದವು, ಅಂದರೆ ಅವು 2000ಕ್ಕಿಂತ ಮೊದಲಿನವು.

ಆ ಹಳೆಯ ಟೈರುಗಳನ್ನು ಗುಜರಿಗೆ ಕೊಡುವ ಮುನ್ನ ಬಿಸಿಲಿಗೆ ಹಿಡಿದು ನೋಡಿದೆ, ಏಕೆಂದರೆ ಹೊಸದನ್ನು ಹೇಗೆ ಇಡಬೇಕೆಂಬುದಕ್ಕೆ ಅವೇ ಉತ್ತರ ಹೇಳುತ್ತಿದ್ದವು. ಬಿರುಕುಗಳು ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದ ಕಾರಿನ ಭಾರಕ್ಕೆ ನೆಲದ ಬಳಿ ಉಬ್ಬಿಕೊಂಡಿದ್ದ ಭಾಗದಲ್ಲಿ ಅವು ಆಳವಾಗಿದ್ದು, ಚಕ್ರದ ಸುತ್ತಿನ ದಿಕ್ಕಿನಲ್ಲೇ ಹರಿದಿದ್ದವು. ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ತೆಳುವಾಗಿದ್ದವು. ಟೈರಿನ ರಬ್ಬರಿನ ಅಣುಸರಪಳಿಗಳಲ್ಲಿ ದ್ವಿಬಂಧಗಳಿರುತ್ತವೆ, ಗಾಳಿಯಲ್ಲಿರುವ ಅತ್ಯಲ್ಪ ಪ್ರಮಾಣದ ಓಝೋನ್ ಕೂಡ ಆ ಬಂಧಗಳನ್ನು ತುಂಡರಿಸಬಲ್ಲದು. ಆದರೆ ರಬ್ಬರು ಹಿಗ್ಗಿರದಿದ್ದರೆ ಈ ಹಾನಿ ಮೇಲ್ಮೈಯ ತೆಳು ಪದರದಲ್ಲಿಯೇ ನಿಲ್ಲುತ್ತದೆ. ಹಿಗ್ಗಿದ್ದರೆ ಮಾತ್ರ ತುಂಡಾದ ಜಾಗ ಬಾಯಿ ಬಿಟ್ಟು, ಒಳಗಿನ ಹೊಸ ರಬ್ಬರನ್ನು ಗಾಳಿಗೆ ಒಡ್ಡಿ, ಎಳೆತಕ್ಕೆ ಅಡ್ಡಲಾಗಿ ಬಿರುಕು ಬೆಳೆಯುತ್ತ ಹೋಗುತ್ತದೆ. ಬಿಸಿಲು ತಗಲಬಾರದೆಂದು ಎಲ್ಲರೂ ಹೇಳುತ್ತಾರೆ, ಅದು ಸರಿ. ಎಳೆತ ಇರಬಾರದೆಂದು ಹೇಳುವವರು ಕಡಿಮೆ, ನನ್ನ ಮಟ್ಟಿಗೆ ಅದೇ ಮೊದಲ ನಿಯಮ.

ರಿಮ್ಮುಗಳು ಸ್ಯಾಂಡ್‌ಬ್ಲಾಸ್ಟಿಂಗ್ ಮತ್ತು ಪೌಡರ್ ಕೋಟಿಂಗಿಗೆ ಹೋಗಿರುವುದರಿಂದ ಟೈರುಗಳನ್ನು ಬರಿದಾಗಿಯೇ ಇಡಬೇಕಾಗಿದೆ. ಗೋಡೆಯ ಮೊಳೆಗೆ ನೇತುಹಾಕಿದರೆ ಮೊಳೆ ತಾಗುವ ಬೀಡಿನ, ಅಂದರೆ ರಿಮ್ಮಿಗೆ ಕೂರುವ ಒಳ ಅಂಚಿನ, ಬಳಿ ಇಡೀ ಟೈರಿನ ಭಾರ ಬೀಳುತ್ತದೆ. ಒಂದರ ಮೇಲೊಂದು ಪೇರಿಸಿದರೆ ತಳದ್ದು ಚಪ್ಪಟೆಯಾಗಿ ಅದರ ಪಕ್ಕದ ಗೋಡೆ ಹೊರಗೆ ಬಾಗುತ್ತದೆ. ಆದ್ದರಿಂದ ಟ್ರೆಡ್ಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ ನೆಲ ತಾಗುವ ಜಾಗವನ್ನು ಬದಲಿಸುತ್ತೇನೆ. ಉರುಳಿಸಿದ ಪ್ರಮಾಣ ನೆನಪಿರಲೆಂದು ಪ್ರತಿ ಟೈರಿಗೂ ಸೀಮೆಸುಣ್ಣದ ಗುರುತು ಹಾಕಿದ್ದೇನೆ.

ಜಾಗದ ಆಯ್ಕೆಗೆ ಹೆಚ್ಚು ಯೋಚಿಸಬೇಕಾಯಿತು. ಹಿತ್ತಲಿನ ಶೀಟು ಹೊದಿಸಿದ ಶೆಡ್ಡು ದೊಡ್ಡದಾದರೂ ಮಧ್ಯಾಹ್ನದ ಕಾವು ಅಲ್ಲಿ ತಡೆಯಲಾಗದು. ರಬ್ಬರು ಆಮ್ಲಜನಕದೊಡನೆ ಸೇರಿ ಗಡುಸಾಗುವ ಕ್ರಿಯೆಗೆ ಶಾಖವೇ ವೇಗ ಕೊಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂಬುದು ರೂಢಿಯ ಲೆಕ್ಕ. ಶೆಡ್ಡಿನಲ್ಲಿ ನನ್ನ ಡ್ರಿಲ್ಲು, ಗ್ರೈಂಡರು ಮತ್ತು ವೆಲ್ಡಿಂಗ್ ಯಂತ್ರಗಳೂ ಇವೆ. ಕಾರ್ಬನ್ ಬ್ರಷ್ಷಿರುವ ಮೋಟಾರಿನ ಕಿಡಿಯೂ ವೆಲ್ಡಿಂಗಿನ ಬೆಳಕೂ ಓಝೋನನ್ನು ಉಂಟುಮಾಡುತ್ತವೆ. ಕೊನೆಗೆ ಮನೆಯೊಳಗೆ, ಉತ್ತರದ ಗೋಡೆಗೆ ಹೊಂದಿಕೊಂಡಿರುವ, ಕಿಟಕಿಯಿಲ್ಲದ ಉಗ್ರಾಣದ ಒಂದು ಮೂಲೆಯನ್ನು ಮನೆಯವರ ಒಪ್ಪಿಗೆ ಪಡೆದು ಬಿಡಿಸಿಕೊಂಡೆ. ಸೀಮೆಎಣ್ಣೆ, ಥಿನ್ನರ್, ಹಳೆಯ ಎಂಜಿನ್ ಆಯಿಲಿನ ಡಬ್ಬಗಳು ಆ ಕೋಣೆಯಿಂದ ಹೊರನಡೆದವು, ಏಕೆಂದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ರಬ್ಬರು ಊದಿ ಮೆತ್ತಗಾಗುತ್ತದೆ.

ಏಪ್ರಿಲ್

ಚೀಲದೊಳಗೆ ಹಾಕುವ ಕೆಲಸ ಈ ತಿಂಗಳು ಮುಗಿಯಿತು. ಒಂದು ಟೈರಿಗೆ ಅಂಗಡಿಯವರು ಕಪ್ಪಗೆ ಮಿಂಚುವ ಪಾಲಿಷ್ ಬಳಿದುಕೊಟ್ಟಿದ್ದರಿಂದ ಮೊದಲು ಅದನ್ನು ತೆಗೆಯಬೇಕಾಯಿತು. ಟೈರಿನ ರಬ್ಬರಿಗೆ ತಯಾರಿಕೆಯ ಹಂತದಲ್ಲೇ ಮೇಣವನ್ನೂ ಓಝೋನ್ ನಿರೋಧಕ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಅವು ನಿಧಾನವಾಗಿ ಮೇಲ್ಮೈಗೆ ಒಸರಿ ತೆಳುವಾದ ರಕ್ಷಾಪದರವಾಗಿ ನಿಲ್ಲುತ್ತವೆ. ಟೈರಿನ ಪಕ್ಕದಲ್ಲಿ ಕಾಣುವ ಕಂದು ಛಾಯೆ ಬಹುಪಾಲು ಆ ನಿರೋಧಕದ್ದೇ ಹೊರತು ಕೊಳೆಯಲ್ಲ. ದ್ರಾವಕ ಬೆರೆತ ಪಾಲಿಷ್ ಈ ಪದರವನ್ನು ಕರಗಿಸಿಕೊಂಡು ಹೋಗುತ್ತದೆ, ಬ್ರಷ್ಷಿನಿಂದ ಗಸಗಸ ಉಜ್ಜಿದರೂ ಅದೇ ಗತಿ. ಹೀಗಾಗಿ ಮೃದುವಾದ ಸೋಪಿನ ನೀರು, ಹಳೆಯ ಹತ್ತಿ ಬಟ್ಟೆ, ನೆರಳಿನಲ್ಲಿ ಪೂರ್ತಿ ಒಣಗುವಷ್ಟು ಸಮಯ, ಇಷ್ಟಕ್ಕೇ ಕೆಲಸ ಮುಗಿಸಿದೆ. ಎತ್ತಿಡುವ ಮುನ್ನ ಹೊಳಪಿನ ದ್ರವ ಬಳಿಯುವ ಪದ್ಧತಿ ನಮ್ಮಲ್ಲಿ ಬೇರೂರಿದೆಯಾದರೂ ಅದರಿಂದ ಕಣ್ಣಿಗೆ ಹಬ್ಬವೇ ಹೊರತು ರಬ್ಬರಿಗೆ ಲಾಭವಿಲ್ಲ.

ಒಣಗಿದ ಟೈರನ್ನು ದಪ್ಪನೆಯ ಕಪ್ಪು ಪಾಲಿಥೀನ್ ಚೀಲದಲ್ಲಿಟ್ಟು, ವ್ಯಾಕ್ಯೂಮ್ ಕ್ಲೀನರಿನಿಂದ ಒಳಗಿನ ಗಾಳಿಯನ್ನು ಆದಷ್ಟು ಹೀರಿ, ಬಾಯಿಗೆ ಟೇಪು ಸುತ್ತಿದ್ದೇನೆ. ಪೂರ್ತಿ ನಿರ್ವಾತ ಮಾಡಲು ನಮ್ಮಿಂದಾಗದು, ಅದರ ಅಗತ್ಯವೂ ಇಲ್ಲ. ಒಳಗೆ ಉಳಿದ ಅಷ್ಟಿಷ್ಟು ಓಝೋನ್ ಬೇಗ ತೀರಿಹೋಗುತ್ತದೆ, ಹೊರಗಿನಿಂದ ಹೊಸದು ಬರದಿದ್ದರೆ ಸಾಕು. ಟ್ಯೂಬುಗಳ ಬಗ್ಗೆ ಇಷ್ಟು ಮುತುವರ್ಜಿ ಬೇಕಿಲ್ಲ. ಅವು ಬ್ಯುಟೈಲ್ ರಬ್ಬರಿನವು, ಅದರಲ್ಲಿ ದ್ವಿಬಂಧಗಳು ಬಹಳ ಕಡಿಮೆ. ಫ್ರೆಂಚ್ ಚಾಕ್ ಪುಡಿ ಸವರಿ, ಮಡಿಕೆ ಗಟ್ಟಿಯಾಗದಂತೆ ಸಡಿಲವಾಗಿ ಸುತ್ತಿ ಒಂದು ಡಬ್ಬದಲ್ಲಿ ಇಟ್ಟಿದ್ದೇನೆ.

ಜುಲೈ

ಮಳೆಗಾಲದ ತಪಾಸಣೆ. ಉಗ್ರಾಣದ ನೆಲ ತಂಪಾಗಿ ಬೆವರುತ್ತಿದ್ದುದರಿಂದ ಟೈರುಗಳ ಕೆಳಗೆ ಮರದ ಹಲಗೆ ಹಾಸಿದೆ. ಒಂದು ಚೀಲದ ಒಳಮೈಯಲ್ಲಿ ಹನಿ ಕಂಡಿದ್ದರಿಂದ ಬಿಚ್ಚಿ ಒರೆಸಿ, ಫ್ಯಾನಿನಡಿ ಆರಿಸಿ ಮತ್ತೆ ಕಟ್ಟಿದೆ. ತೇವದಿಂದ ರಬ್ಬರಿಗಿಂತಲೂ ಬೀಡಿನೊಳಗಿನ ಉಕ್ಕಿನ ತಂತಿಗೆ ಅಪಾಯ ಹೆಚ್ಚು; ಬೀಡಿನ ಅಂಚು ಎಲ್ಲಾದರೂ ಕಿತ್ತಿದ್ದರೆ ತುಕ್ಕು ಅಲ್ಲಿಂದ ಶುರುವಾಗುತ್ತದೆ. ಇಲಿ ಕಡಿದ ಗುರುತುಗಳಿಲ್ಲ. ಮಳೆನೀರು ನಿಂತ ಟೈರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದರಿಂದ, ಹಿತ್ತಲಿನಲ್ಲಿ ಉಳಿದಿದ್ದ ಹಳೆಯ ಟೈರುಗಳನ್ನು ಜೂನ್ ಮುಗಿಯುವ ಮೊದಲೇ ಸಾಗಹಾಕಿದ್ದಾಯಿತು.

ಅಕ್ಟೋಬರ್

ರಿಮ್ಮುಗಳು ಬಂದಿವೆ, ಬೂದು ಬಣ್ಣ ಚೆನ್ನಾಗಿ ಕೂತಿದೆ. ಚೀಲಗಳನ್ನು ಬಿಚ್ಚಿ, ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ, ಟ್ರೆಡ್ಡಿನ ಸಂದುಗಳ ತಳವನ್ನೂ ಟಾರ್ಚು ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಒಂದೇ ಬೇಸಿಗೆ ದಾಟಿದ ಟೈರು ಹೇಗಿಟ್ಟರೂ ಹೀಗೆಯೇ ಇರುತ್ತಿತ್ತೇನೋ ಎಂಬ ಅನುಮಾನ ಇದೆ, ಆದ್ದರಿಂದ ಇದನ್ನು ನನ್ನ ವಿಧಾನದ ಗೆಲುವೆಂದು ಬರೆದುಕೊಳ್ಳುತ್ತಿಲ್ಲ.

ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಸೇರಿಸಿ ರಿಮ್ಮಿಗೆ ಏರಿಸಿದ ಮೇಲೆ ಇಡುವ ಕ್ರಮ ಬದಲಾಗಿದೆ. ಈಗ ಟೈರಿನ ಆಕಾರವನ್ನು ರಿಮ್ಮು ಮತ್ತು ಗಾಳಿ ಹಿಡಿದಿಡುವುದರಿಂದ ಮಲಗಿಸಿ ಪೇರಿಸಬಹುದು, ನಡುವೆ ರಟ್ಟಿನ ತುಂಡುಗಳಿವೆ. ಬೀಡು ಕೂರಲು ಪೂರ್ಣ ಒತ್ತಡದ ಗಾಳಿ ಹಾಕಿಸಿ, ಬಳಿಕ 15 ಪಿಎಸ್‌ಐಗೆ ಇಳಿಸಿದ್ದೇನೆ. ಕಾರಿನ ಭಾರ ಹೊರದ ಟೈರನ್ನು ಅದಕ್ಕಿಂತ ಬಿಗಿಯಾಗಿಟ್ಟು ರಬ್ಬರನ್ನು ಸುಮ್ಮನೆ ಹಿಗ್ಗಿಸುವುದೇಕೆ ಎಂಬುದು ನನ್ನ ವಾದ. ಪೇರಿಕೆಯ ತಳದ್ದನ್ನು ತಿಂಗಳಿಗೊಮ್ಮೆ ಮೇಲಕ್ಕೆ ತರುತ್ತೇನೆ.

ಬಾಡಿ ಮನೆಗೆ ಬಂದ ಮೇಲೂ ವೈರಿಂಗು, ಒಳಗಿನ ಸೀಟಿನ ಕೆಲಸ ಉಳಿದಿರುತ್ತದೆ. ಆಗ ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸುತ್ತೇನೆ. ಅದನ್ನು ತಳ್ಳಿ ಜರುಗಿಸಬೇಕಾದಾಗ ಎರವಲು ತಂದ ಸವೆದ ಚಕ್ರಗಳೇ ಸಾಕು. ಹೊಸ ಚಕ್ರಗಳ ನಟ್ಟು ಬಿಗಿಯುವುದು ಆರ್‌ಟಿಒ ತಪಾಸಣೆಗೆ ಹೊರಡುವ ವಾರದಲ್ಲಿ.