ಡೂಮ್ಸ್‌ಡೇ ಬಿಟ್ಟು ಫ್ಯೂರಿ ಯಾಕೆ?

ಕಾಮಿಕ್ಸ್ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವುದು ಇದನ್ನೇ. "ಸೂಪರ್‌ಮ್ಯಾನ್‌ನನ್ನೇ ಕೊಂದ ಡೂಮ್ಸ್‌ಡೇ ಇರುವಾಗ, ಭಯಂಕರ ರಾಕ್ಷಸ ಅಂದ್ರೆ ನೀನು ಯಾವಾಗಲೂ ಫ್ಯೂರಿ ಹೆಸರು ಯಾಕೆ ಹೇಳ್ತೀಯ?"

ಡೂಮ್ಸ್‌ಡೇಗೆ ಸಿಟ್ಟಿದೆ, ಅದಕ್ಕೆ. ಸಿಟ್ಟು ನಮಗೂ ಗೊತ್ತಿರುವ ವಿಷಯ. ಫ್ಯೂರಿಗೆ ಸಿಟ್ಟೂ ಇಲ್ಲ, ದ್ವೇಷವೂ ಇಲ್ಲ. ಒಂದು ಕೆಲಸ ಇದೆ, ಅಷ್ಟೇ.

1982ರಲ್ಲಿ ಬ್ರಿಟನ್ನಿನ ಮಾರ್ವೆಲ್ ಪತ್ರಿಕೆಗಳಲ್ಲಿ ಕ್ಯಾಪ್ಟನ್ ಬ್ರಿಟನ್ ಎಂಬ ಸೂಪರ್‌ಹೀರೋನ ಕತೆಯನ್ನು ಅಲನ್ ಮೂರ್ ಬರೆಯಲು ಶುರು ಮಾಡಿದರು. ಚಿತ್ರ ಅಲನ್ ಡೇವಿಸ್ ಅವರದು. ಅದರಲ್ಲಿ ನಮ್ಮಂಥದೇ ಇನ್ನೊಂದು ಭೂಮಿ ಬರುತ್ತದೆ. ಅಲ್ಲಿನ ರಾಜಕಾರಣಿ ಜಿಮ್ ಜಾಸ್ಪರ್ಸ್, ಕಣ್ಣೆದುರಿನ ಜಗತ್ತನ್ನೇ ಬೇಕಾದ ಹಾಗೆ ಬದಲಿಸಬಲ್ಲವನು, ಸೂಪರ್‌ಹೀರೋಗಳನ್ನು ಮುಗಿಸುವುದಕ್ಕೆ ಅಂತಲೇ ಫ್ಯೂರಿಯನ್ನು ಹುಟ್ಟುಹಾಕುತ್ತಾನೆ. ಅರ್ಧ ಯಂತ್ರ, ಅರ್ಧ ಜೀವ. ಒಡೆದರೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಅದು ಒಬ್ಬಳನ್ನು ಬಿಟ್ಟು ಆ ಭೂಮಿಯ ಹೀರೋಗಳನ್ನೆಲ್ಲ ಕೊಂದು, ಅಲ್ಲಿಗೆ ಬಂದ ಕ್ಯಾಪ್ಟನ್ ಬ್ರಿಟನ್‌ನನ್ನೂ ಬರೀ ಮೂಳೆ ಉಳಿಯುವ ಹಾಗೆ ಸುಡುತ್ತದೆ. ಕತೆಯ ನಾಯಕನೇ ಹೋಗಿಬಿಟ್ಟ! ಮಾಂತ್ರಿಕ ಮರ್ಲಿನ್ ಅವನನ್ನು ಮತ್ತೆ ಬದುಕಿಸುತ್ತಾನೆ, ನಿಜ. ಆದರೆ ಆ ಇಡೀ ವಿಶ್ವವೇ ನಾಶವಾದ ಮೇಲೂ ಫ್ಯೂರಿ ಸಾಯುವುದಿಲ್ಲ. ಬೇಟೆ ಇನ್ನೂ ಬಾಕಿ ಇದೆ ಅನ್ನುವ ಒಂದೇ ಕಾರಣಕ್ಕೆ ಈ ಕಡೆಯ ವಿಶ್ವಕ್ಕೆ ದಾಟಿ ಬರುತ್ತದೆ.

ಇಲ್ಲೂ ಒಬ್ಬ ಜಾಸ್ಪರ್ಸ್ ಇದ್ದಾನೆ. ಈಗ ಬರುವ ಘಟ್ಟ ನನಗೆ ತುಂಬಾ ಇಷ್ಟ. ತನ್ನನ್ನು ಮಾಡಿದವನನ್ನು ಫ್ಯೂರಿ ಕೊಲ್ಲುವಂತಿಲ್ಲ, ಅದನ್ನು ಮಾಡಿರುವುದೇ ಹಾಗೆ. ಆದರೆ ಅದು ಲೆಕ್ಕ ಹಾಕುತ್ತದೆ: ಇವನು ಬೇರೆ ಭೂಮಿಯವನು, ಹಾಗಾಗಿ ನನ್ನನ್ನು ಮಾಡಿದವನಲ್ಲ. ಮುಗೀತು! ಭಸ್ಮಾಸುರ ನೆನಪಾಗುತ್ತಾನೆ ಅಲ್ವಾ? ಆದರೆ ಭಸ್ಮಾಸುರನಿಗೆ ಆಸೆ ಇತ್ತು, ಮೋಹಿನಿ ಅದನ್ನೇ ಹಿಡಿದು ಅವನನ್ನು ಕುಣಿಸಿದಳು. ಫ್ಯೂರಿಯನ್ನು ಯಾವ ಮೋಹಿನಿ ಕುಣಿಸಬೇಕು? ಜಾಸ್ಪರ್ಸ್ ಏನೇನೋ ಆಗಿ ಬದಲಾಗುತ್ತಾನೆ, ಭೂಮಿಯನ್ನೇ ಅದರ ಮೇಲೆ ತಿರುಗಿಸುತ್ತಾನೆ. ಅದು ಅವನನ್ನು ವಿಶ್ವದಿಂದಲೇ ಆಚೆಗೆ, ಬದಲಿಸಲು ಏನೂ ಇಲ್ಲದ ಶೂನ್ಯಕ್ಕೆ ಎಳೆದುಕೊಂಡು ಹೋಗಿ ಕೊಲ್ಲುತ್ತದೆ.

ಆದರೂ ಫ್ಯೂರಿ ಎಂಥದ್ದು ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಲಿಂಡಾಳನ್ನು ನೋಡಿ. ಆ ಇನ್ನೊಂದು ಭೂಮಿಯ ಸೂಪರ್‌ಹೀರೋ ಕ್ಯಾಪ್ಟನ್ ಯುಕೆ ಅವಳು. ಗಂಡನನ್ನು ಫ್ಯೂರಿ ಅವಳ ಕಣ್ಣೆದುರೇ ಕೊಂದಿತ್ತು, ಅವಳು ಹೇಗೋ ತಪ್ಪಿಸಿಕೊಂಡು ಬಂದಿದ್ದಳು. ಹಾರುವ ಶಕ್ತಿ ಇದೆ, ತೋಳಿನಲ್ಲಿ ಬಲ ಇದೆ, ಆದರೆ ಅದು ಎದುರು ಬಂದರೆ ಕೈಕಾಲೇ ಆಡುವುದಿಲ್ಲ. ಪಕ್ಕದವರು ಹೊಡೆದಾಡುತ್ತಿದ್ದರೂ ಅವಳು ನಡುಗುತ್ತಾ ನಿಂತಿರುತ್ತಾಳೆ. ಅದನ್ನು ಓದುವಾಗ ನನಗೆ ಅವಳ ಮೇಲೆ ಒಮ್ಮೆಯೂ ಬೇಸರ ಬರಲಿಲ್ಲ, ಹೊಟ್ಟೆಯಲ್ಲಿ ಸಂಕಟ ಆಯಿತು. ಕೊನೆಗೆ ಜಾಸ್ಪರ್ಸ್ ಜೊತೆ ಕಾದಾಡಿ ಜರ್ಜರಿತವಾದ ಫ್ಯೂರಿ ಮತ್ತೆ ಏಳಲು ನೋಡುತ್ತದೆ. ಆಗ ಅದರ ಮೇಲೆ ಬೀಳುವವಳು ಇದೇ ಲಿಂಡಾ. ಬರಿಗೈಯಲ್ಲಿ ಅದನ್ನು ಚೂರು ಚೂರು ಮಾಡುತ್ತಾಳೆ.