ಲೈಟ್ ಮೊದಲು, ಕಂಪ್ಯೂಟರ್ ಆಮೇಲೆ

ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತುವ ಹುಚ್ಚು ಹಿಡಿದವರೆಲ್ಲ ಹ್ಯಾಂಡಲ್ ಮೇಲೆ ಕೂರಿಸುವ ಸೈಕಲ್ ಕಂಪ್ಯೂಟರ್ ಬಗ್ಗೆ ನನ್ನನ್ನು ಮೊದಲು ಕೇಳುವುದು ಒಂದೇ: "ಗಾರ್ಮಿನ್ ಕಂಪನಿಯದು ತಗೊಳ್ಳಲಾ, ವಾಹೂ ಕಂಪನಿಯದು ತಗೊಳ್ಳಲಾ?" ನಾನು ತಿರುಗಿ ಕೇಳುತ್ತೇನೆ, "ಹಿಂದಿನ ಲೈಟ್ ಯಾವುದಿದೆ?" ಅಲ್ಲಿಗೆ ಮಾತು ನಿಲ್ಲುತ್ತದೆ.

ಬಿಸಿಲೇರುವ ಮುಂಚೆ ಬೆಟ್ಟ ಹತ್ತಬೇಕಂದ್ರೆ ಕತ್ತಲಲ್ಲೇ ಬೆಂಗಳೂರಿನ ಹೆಬ್ಬಾಳ ದಾಟಿರಬೇಕು. ಆ ಹೊತ್ತಿಗೆ ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು ಬಿಟ್ಟ ಬಾಣದ ಹಾಗೆ ಹೋಗುತ್ತಿರುತ್ತವೆ. ರಾತ್ರಿಯೆಲ್ಲ ಗಾಡಿ ಓಡಿಸಿದ ಡ್ರೈವರ್‌ಗೆ ನಾವು ದೂರದಿಂದಲೇ ಕಾಣಬೇಕು. ಹಾಗಾಗಿ ಹಿಂದಿನ ಕೆಂಪು ಲೈಟಿಗೆ ಕಾಸು ಹಾಕಲು ಹಿಂದೆಮುಂದೆ ನೋಡಬೇಡಿ. ಸೀಟಿನ ಕೆಳಗಿನ ಕಂಬಕ್ಕೆ (ಸೀಟ್‌ಪೋಸ್ಟ್) ಬಿಗಿಯಾಗಿ ಕಟ್ಟಿ, ನೆಟ್ಟಗೆ ಹಿಂದಕ್ಕೆ ಮುಖ ಮಾಡಿರಲಿ. ಎಷ್ಟೋ ಜನರ ಲೈಟ್ ಜೋತುಬಿದ್ದು ಟಾರಿಗೆ ಬೆಳಕು ಬಿಡುತ್ತಿರುತ್ತದೆ, ಇಲ್ಲವೇ ಸೀಟಿನ ಕೆಳಗಿನ ಚೀಲ ಅದನ್ನು ಅರ್ಧ ಮುಚ್ಚಿರುತ್ತದೆ. ಗುಂಪಿನಲ್ಲಿದ್ದಾಗ ಮಾತ್ರ ಜೋರಾಗಿ ಮಿಣುಕಿಸಬೇಡಿ, ಹಿಂದಿನವರು ಮನಸ್ಸಿನಲ್ಲೇ ಬೈತಾರೆ.

ಮುಂದಿನ ಲೈಟ್ ಕೊಳ್ಳುವಾಗ ಡಬ್ಬಿ ಮೇಲಿನ ಲ್ಯೂಮೆನ್ ನೋಡಿ ಮರುಳಾಗಬೇಡಿ. ಒಟ್ಟು ಎಷ್ಟು ಬೆಳಕು ಅಂತ ಮಾತ್ರ ಅದು ಹೇಳುತ್ತದೆ, ಬೆಳಕು ಎಲ್ಲಿ ಬೀಳುತ್ತದೆ ಅಂತ ಅಲ್ಲ. ಟಾರ್ಚಿನಂಥ ಗುಂಡು ಬೆಳಕು ಅರ್ಧ ರಸ್ತೆಗೆ, ಇನ್ನರ್ಧ ಎದುರಿನವರ ಕಣ್ಣಿಗೆ. ಜರ್ಮನಿಯ ರಸ್ತೆ ನಿಯಮಕ್ಕೆ ಹೊಂದುವ ಲೈಟ್‌ಗಳು ಬೈಕಿನ ಡಿಪ್ ಲೈಟಿನಂತೆ ಮೇಲ್ಭಾಗ ಕತ್ತರಿಸಿದ ಹಾಗೆ ಬೆಳಕು ಚೆಲ್ಲುತ್ತವೆ. ನನಗೆ ಅದೇ ಇಷ್ಟ. ಸರ್ವಿಸ್ ರೋಡಿನ ಬಣ್ಣ ಹೊಡೆಯದ ಹಂಪು, ಗುಂಡಿ ಎಲ್ಲಕ್ಕೂ ಪಕ್ಕದಲ್ಲೊಂದು ನೆರಳು ಬೀಳುತ್ತದೆ. ಕಣ್ಣು ಮೊದಲು ಹಿಡಿಯುವುದು ಆ ನೆರಳನ್ನೇ. ಚಳಿಗಾಲದ ಮಂಜಿನಲ್ಲಿ ಹೆಲ್ಮೆಟ್ ಮೇಲೆ ಲೈಟ್ ಕಟ್ಟಿದರೆ ಮುಂದೆ ಬರೀ ಬಿಳಿ ಗೋಡೆ ಕಾಣುತ್ತದೆ. ಹ್ಯಾಂಡಲ್ಲೇ ಸರಿ, ಇನ್ನೂ ಕೆಳಗಾದರೆ ಮತ್ತೂ ಒಳ್ಳೆಯದು. ಲೈಟ್ ನೀರನ್ನು ಎಷ್ಟು ತಡೆಯುತ್ತದೆ ಅನ್ನುವುದನ್ನು ಐಪಿಎಕ್ಸ್ ಅಂಕಿ ಹೇಳುತ್ತದೆ. ಐಪಿಎಕ್ಸ್4 ಅಂದರೆ ನೀರು ಎರಚಿದರೆ ತಡೆಯುತ್ತದೆ. ಐಪಿಎಕ್ಸ್7 ಇದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ಪರವಾಗಿಲ್ಲ. ಆದರೂ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲ ಇದೆಯಾ ಅಂತ ಉಗುರಿನಿಂದ ಎತ್ತಿ ನೋಡಿ.

ಇನ್ನು ಕಂಪ್ಯೂಟರ್. ಬರೀ ವೇಗ, ದೂರ ಸಾಕು ಅನ್ನುವವರಿಗೆ ಸ್ಪೋಕಿಗೆ ಮ್ಯಾಗ್ನೆಟ್ ಕಟ್ಟುವ ಹಳೇ ಥರದ್ದು ಧಾರಾಳವಾಯ್ತು. ಚಕ್ರದ ಸುತ್ತಳತೆ ಸರಿಯಾಗಿ ಹಾಕಿ ಅಷ್ಟೇ. 700x25 ಟೈರಿಗೆ ಸುಮಾರು 2105 ಮಿಲಿಮೀಟರ್.

ಬೆಟ್ಟ ಹತ್ತುವ ತಯಾರಿಗೆ ಅಂತಾದರೆ ಜಿಪಿಎಸ್ ಬೇಕು, ಜೊತೆಗೆ ಬ್ಯಾರೋಮೀಟರ್ ಇರಲೇಬೇಕು. ಅದು ಗಾಳಿಯ ಒತ್ತಡ ನೋಡಿ ಎತ್ತರ ಲೆಕ್ಕ ಹಾಕುತ್ತದೆ. ಬರೀ ಜಿಪಿಎಸ್ ನಂಬಿದರೆ ಎತ್ತರದ ಅಂಕಿ ಮೇಲೆ ಕೆಳಗೆ ಕುಣಿಯುತ್ತದೆ. 1,478 ಮೀಟರ್ ಎತ್ತರದ ಬೆಟ್ಟ ಹತ್ತುವಾಗ ವೇಗ ನೋಡಿ ಸುಮ್ನೆ ಬೇಜಾರು. ನನ್ನ ಪರದೆ ಮೇಲೆ ಇರುವುದು ಮೂರೇ: ಏರಿನ ಶೇಕಡಾ (ರಸ್ತೆ ಎಷ್ಟು ಕಡಿದಾಗಿದೆ ಅಂತ), ಎದೆಬಡಿತ, ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು. ಕೆಳಗಿನ ತಿರುವುಗಳಲ್ಲೇ ಎದೆಬಡಿತ ಏರಿದರೆ ಗೇರ್ ಇಳಿಸುತ್ತೇನೆ, ಪಕ್ಕದವರು ದಾಟಿಹೋದರೂ ಸರಿ. ಏರಿನ ಅಂಕಿ ಮಾತ್ರ ಒಂದೆರಡು ಕ್ಷಣ ತಡವಾಗಿ ಬರುತ್ತದೆ, ಅಷ್ಟರಲ್ಲಿ ಕಾಲಿಗೇ ಗೊತ್ತಾಗಿರುತ್ತದೆ!

ಹಿಂದಿನ ಲೈಟಿನಲ್ಲೇ ರೇಡಾರ್ ಇರುವ ಗಾರ್ಮಿನ್ ವೇರಿಯಾ ಬಗ್ಗೆಯೂ ಕೇಳುತ್ತಾರೆ. 140 ಮೀಟರ್ ದೂರದಿಂದಲೇ ಗಾಡಿ ಬರುವುದನ್ನು ಹೇಳುತ್ತದೆ, ನಿಜ. ಆದರೆ ಹೆಬ್ಬಾಳದ ಹತ್ತಿರ ಅದು ಬಾಯಿ ಮುಚ್ಚುವುದೇ ಇಲ್ಲ. ಖಾಲಿ ಹಳ್ಳಿ ರಸ್ತೆಯಲ್ಲಿ ಒಬ್ಬರೇ ಹೋಗುವವರಾದರೆ ತಗೊಳ್ಳಿ. ಊರೊಳಗೇ ಜಾಸ್ತಿ ಸುತ್ತುವವರು ಆ ದುಡ್ಡಿನಲ್ಲಿ ಇನ್ನೊಂದು ಕೆಂಪು ಲೈಟ್ ಕೊಂಡು, ಉಳಿದದ್ದಕ್ಕೆ ಒಳ್ಳೆ ಟೈರ್ ಹಾಕಿಸಿಕೊಳ್ಳಿ.