37ನೇ ಚೀಲದ ನೀಲಿ

ಕಾಲೇಜಲ್ಲಿ ಓದ್ತಾ ಇದ್ದಾಗ ಮಣ್ಣಿನ ಲ್ಯಾಬಲ್ಲಿ ಸ್ಟೂಡೆಂಟ್ ಅಸಿಸ್ಟೆಂಟ್ ಕೆಲ್ಸ ಸಿಕ್ತು. ನೋಟಿಸಲ್ಲಿ ಮ್ಯಾಪಿಂಗ್ ಅಂತ ಇತ್ತಲ್ಲ, ಫ್ಯಾನ್ ಕೆಳಗೆ ಕೂತು ಸ್ಯಾಟಲೈಟ್ ಫೋಟೋಗೆ ಬಣ್ಣ ಹಚ್ಚೋದು ಅನ್ಕೊಂಡು ಖುಷಿಯಾಗಿ ಸೈನ್ ಹಾಕ್ದೆ. ಮೊದಲ್ನೇ ದಿನ ಕೈಗೆ ಬಂದಿದ್ದು ಒಂದು ಗುದ್ದಲಿ, ಪ್ಲಾಸ್ಟಿಕ್ ಬಕೆಟ್, ಜಿಪಿಎಸ್, ಜೊತೆಗೆ ಒಂದು ಕಟ್ಟು ಖಾಲಿ ಚೀಲ.

ಕೆಲ್ಸ ಕೇಳೋಕೆ ಸುಲಭ. ಮೇಲಿನ ಕಸಕಡ್ಡಿ ಸರಿಸಿ ವಿ ಆಕಾರದಲ್ಲಿ 15 ಸೆಂ.ಮೀ. ಗುಂಡಿ ತೋಡಿ, ಅದರ ಪಕ್ಕದಿಂದ ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪಕ್ಕೆ ಮಣ್ಣು ಹೆರೀಬೇಕು, ಹಿಂಗೆ ಹೊಲದಲ್ಲಿ ಅಂಕುಡೊಂಕಾಗಿ ನಡ್ಕೊಂಡು ಎಂಟ್ಹತ್ತು ಕಡೆ ತೆಗ್ದು ಬಕೆಟಲ್ಲಿ ಕಲ್ಸಿ, ಹರಡಿ ನಾಲ್ಕು ಭಾಗ ಮಾಡಿ ಎದುರುಬದುರು ಇರೋ ಎರಡು ಭಾಗ ಬಿಸಾಕಿ, ಮತ್ತೆ ಕಲ್ಸಿ ಮತ್ತೆ ನಾಲ್ಕು ಭಾಗ, ಅರ್ಧ ಕೆಜಿ ಉಳಿಯೋವರೆಗೂ ಇದೇ. ಬದು, ಮರದ ಬುಡ, ಗೊಬ್ಬರದ ಗುಂಡಿ ಹತ್ರ ತೆಗೀಬಾರ್ದು. ಇದನ್ನ ನನ್ನ ನೋಟ್‌ಬುಕ್ಕಲ್ಲಿ ನಾನೇ ಎರಡು ಗೆರೆ ಎಳೆದು ಬರ್ಕೊಂಡಿದ್ದೆ.

ಮೂರನೇ ದಿನ ಮಧ್ಯಾಹ್ನ, 37ನೇ ಹೊಲ. ಬಿಸಿಲು ನೆತ್ತಿ ಸುಡ್ತಾ ಇತ್ತು, ಮೂಲೇಲಿ ಒಂದು ದೊಡ್ಡ ಮರ. ನೆರಳಲ್ಲೇ ಅಲ್ಲಲ್ಲೇ ಮೂರು ಗುಂಡಿ ತೋಡಿ ಚೀಲ ತುಂಬಿ, ಫಾರ್ಮಲ್ಲಿ ಮಾತ್ರ ಹತ್ತು ಗುಂಡಿ ಅಂತ ಬರ್ದೆ. ಮಣ್ಣು ಮೆತ್ತಗಿತ್ತು, ಗುದ್ದಲಿ ಬೆಣ್ಣೆಗೆ ಇಳಿದಂಗೆ ಇಳೀತು, ಆಗ್ಲಾದ್ರೂ ಅನುಮಾನ ಬರ್ಬೇಕಿತ್ತು.

ಲ್ಯಾಬಲ್ಲಿ ಎಲ್ಲಾ ನೆರಳಲ್ಲಿ ಒಣಗ್ಸಿ, ಮರದ ಸುತ್ತಿಗೇಲಿ ಕುಟ್ಟಿ, 2 ಮಿ.ಮೀ. ಜರಡೀಲಿ ಜರಡಿ ಹಿಡಿದ್ವಿ. ರಂಜಕ (ಫಾಸ್ಫರಸ್) ಎಷ್ಟಿದೆ ಅಂತ ನೋಡೋಕೆ ಪಿಎಚ್ 8.5 ಇರೋ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಕುಲುಕಿ ಸೋಸಿ ಕೆಮಿಕಲ್ ಹಾಕಿದ್ರೆ ನೀಲಿ ಬಣ್ಣ ಬರುತ್ತೆ, ರಂಜಕ ಜಾಸ್ತಿ ಇದ್ದಷ್ಟೂ ಗಾಢ. ಸ್ಟ್ಯಾಂಡಲ್ಲಿ ಸಾಲಾಗಿ ತಿಳಿ ನೀಲಿ ಟ್ಯೂಬುಗಳು, ಮಧ್ಯೆ 37 ಮಾತ್ರ ಇಂಕ್ ಬಾಟ್ಲಿ ಥರ. ಬಣ್ಣ ಅಳೆಯೋ ಮೆಷಿನ್ ರೀಡಿಂಗು, ಹೋಲಿಸಿ ನೋಡೋ ಸ್ಟ್ಯಾಂಡರ್ಡ್ ಗ್ರಾಫ್ ದಾಟಿ ಹೋಯ್ತು, ನೀರು ಬೆರೆಸಿ ತೆಳು ಮಾಡಿ ಮತ್ತೆ ನೋಡ್ಬೇಕಾಯ್ತು. ನಾನೋ, ಏನೋ ಕಂಡುಹಿಡಿದ್ಬಿಟ್ಟೆ ಅಂತ ಸೀನಿಯರ್‌ಗೆಲ್ಲ ತೋರ್ಸಿದ್ದೇ ತೋರ್ಸಿದ್ದು.

ಆಮೇಲೆ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಮ್ಯಾಪ್ ಮಾಡ್ದೆ. ಸ್ಯಾಂಪಲ್ ತೆಗೀದೇ ಇರೋ ಜಾಗಕ್ಕೆ ಸಾಫ್ಟ್‌ವೇರು ಹತ್ತಿರದ ಪಾಯಿಂಟ್‌ಗಳನ್ನ ನೋಡಿ ಲೆಕ್ಕ ಹಾಕಿ ತುಂಬುತ್ತೆ. ರಂಜಕ ಜಾಸ್ತಿ ಅಂತ ತೋರ್ಸೋ 37ರ ಕೆಂಪು, ಕಾಗದದ ಮೇಲೆ ಬಣ್ಣ ಚೆಲ್ಲಿದಂಗೆ ಸುತ್ತ ನಾಲ್ಕೈದು ಹೊಲಕ್ಕೆ ಹರಡ್ಕೊಂಡಿತ್ತು. ಅಂದ್ರೆ ನಾನು ಕಾಲೇ ಇಡದ ಹೊಲದವರಿಗೂ ನಿಮ್ಮಲ್ಲಿ ರಂಜಕ ಸಾಕಷ್ಟಿದೆ, ಗೊಬ್ಬರ ಬೇಡ ಅಂತ ಆ ಮ್ಯಾಪ್ ಹೇಳ್ತಿತ್ತು.

ಲ್ಯಾಬ್ ಮೇಡಂ ಮ್ಯಾಪನ್ನ ಸುಮ್ನೆ ನೋಡಿದ್ರು. "ಇಲ್ಲೇನಿತ್ತಪ್ಪಾ?"

"ಏನಿಲ್ಲ ಮೇಡಂ, ಹೊಲ."

ಅವರು ಸ್ಯಾಟಲೈಟ್ ಫೋಟೋ ತೆರೆದು ಜೂಮ್ ಮಾಡಿದ್ರು. ನನ್ನ ಪಾಯಿಂಟು ಕರೆಕ್ಟಾಗಿ ಒಂದು ದುಂಡನೆ ಕಡು ಹಸಿರು ಚುಕ್ಕೆ ಮೇಲೆ ಕೂತಿತ್ತು. ಜಿಪಿಎಸ್ 3-5 ಮೀಟರ್ ಆಚೀಚೆ ತೋರ್ಸುತ್ತೆ ಮೇಡಂ ಅನ್ನೋಕೆ ಬಾಯಿ ತೆರೆದೆ, ಆದ್ರೆ ಅಷ್ಟೊತ್ತಿಗೆ ಆ ಮರದ ಬುಡದಲ್ಲಿ ಹಗ್ಗ ಉಜ್ಜಿ ತೊಗಟೆ ನುಣ್ಣಗಾಗಿದ್ದು ನೆನಪಾಯ್ತು. ದನ ಕಟ್ಟೋ ಜಾಗ! ವರ್ಷಗಟ್ಲೆ ಸಗಣಿ ಬಿದ್ದ ಮಣ್ಣು ಅದು. ಎಲ್ಲಾ ಒಪ್ಕೊಂಡೆ.

ಬೈತಾರೆ ಅನ್ಕೊಂಡಿದ್ದೆ. "ಈ ಒಂದು ಪಾಯಿಂಟ್ ಅಳಿಸಿದ್ರೆ ಮ್ಯಾಪ್ ಚೆನ್ನಾಗ್ ಕಾಣುತ್ತೆ," ಅಂದ್ರು, "ಸಿಕ್ಕಾಕ್ಕೊಳ್ದೇ ಇರೋವು ಎಷ್ಟಿವೆ, ಅದ್ ಹೇಳು."

ನೋಟ್‌ಬುಕ್ ತಿರುವಿ ಹಾಕ್ದೆ. ಇನ್ನೆರಡು ಇದ್ವು.

ಮಾರನೇ ದಿನ ಮೂರೂ ಹೊಲಕ್ಕೆ ಒಬ್ನೇ ಹೋದೆ, ಪೂರ್ತಿ ಹತ್ತ್ಹತ್ತು ಗುಂಡಿ, ಬಿಸಿಲಲ್ಲೇ. ಹೊಸ 37ರ ಟ್ಯೂಬು ಉಳಿದವುಗಳ ಥರಾನೇ ತಿಳಿ ನೀಲಿ ಬಂತು. ನಿಜ ಹೇಳ್ಬೇಕಂದ್ರೆ ಸ್ವಲ್ಪ ಬೇಜಾರೇ ಆಯ್ತು.